ಮುಖಕ್ಕೆ ನಾಲ್ಕು ಪದರ ಬಟ್ಟೆ, ಊರಿಗೆಲ್ಲ ಜಗಳ

1918ರ ಅಕ್ಟೋಬರ್ 22ರಂದು ಸ್ಯಾನ್ ಫ್ರಾನ್ಸಿಸ್ಕೊದ ಪತ್ರಿಕೆ ಬಿಡಿಸಿದವರಿಗೆ ಇಡೀ ಪುಟದ ಜಾಹೀರಾತೊಂದು ಕಂಡಿತು. ಮಾಸ್ಕ್ ಹಾಕಿಕೊಳ್ಳಿ, ಜೀವ ಉಳಿಸಿಕೊಳ್ಳಿ ಎಂಬುದು ಅದರ ಸಾರ. ಕೆಳಗೆ ಹೆಸರು ಕೊಟ್ಟವರ ಸಾಲು ಉದ್ದವಾಗಿತ್ತು: ಮೇಯರ್, ಆರೋಗ್ಯ ಮಂಡಳಿ, ರೆಡ್ ಕ್ರಾಸ್, ಅಂಚೆ ಇಲಾಖೆ, ಚೇಂಬರ್ ಆಫ್ ಕಾಮರ್ಸ್, ಕಾರ್ಮಿಕ ಸಂಘಗಳ ಮಂಡಳಿ. ಮಾಲೀಕರೂ ಕಾರ್ಮಿಕರೂ ಹಾವು ಮುಂಗುಸಿಯಂತಿದ್ದ ಊರಿನಲ್ಲಿ ಇಬ್ಬರೂ ಒಂದೇ ಕಾಗದಕ್ಕೆ ಒಪ್ಪಿಗೆ ಹಾಕಿದ್ದೇ ದೊಡ್ಡ ಮಾತು. ಜಾಹೀರಾತಿನ ನಡುವೆ ಒಂದು ಅಂಕಿಯೂ ಇತ್ತು. ಬ್ಯಾಂಡೇಜ್ ಬಟ್ಟೆಯ ಮಾಸ್ಕ್ ಇನ್‌ಫ್ಲುಯೆಂಜಾವನ್ನು ಶೇಕಡ 99ರಷ್ಟು ತಡೆಯುತ್ತದೆ ಎಂದು ಅದು ಹೇಳಿತ್ತು.

ಆ 99ಕ್ಕೆ ಗಟ್ಟಿ ಆಧಾರವೇನೂ ಇರಲಿಲ್ಲ. ಆದರೆ ಜನ ಸಾಯುತ್ತಿದ್ದರು, ಆಡಳಿತಕ್ಕೆ ಹೇಳಲು ಏನಾದರೊಂದು ಬೇಕಿತ್ತು. ಮುಂದಿನ ಮೂರು ತಿಂಗಳಿಗೂ ಹೆಚ್ಚು ಕಾಲ ಆ ಊರು ಮಾಸ್ಕಿನ ವಿಷಯದಲ್ಲಿ ಕಂಡ ರಗಳೆಯ ಬೇರು ಅರ್ಧದಷ್ಟು ಈ ಅಂಕಿಯಲ್ಲೇ ಇತ್ತು.

ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಷಿಕಾಗೊದಿಂದ ಬಂದಿದ್ದ ಒಬ್ಬನಲ್ಲಿ ಜ್ವರ ಕಾಣಿಸಿಕೊಂಡಿತು. ಪೂರ್ವ ಕರಾವಳಿಯ ಬಾಸ್ಟನ್‌ನಲ್ಲಿ ಜನ ಸಾಯುತ್ತಿರುವ ಸುದ್ದಿ ಅಷ್ಟರಲ್ಲೇ ಬಂದಿತ್ತು. ಆದರೂ ಊರು ಅದನ್ನು ದೂರದ ಸುದ್ದಿಯಾಗಿಯೇ ಓದುತ್ತಿತ್ತು. ಯುದ್ಧಕ್ಕೆ ಹಣ ಕೂಡಿಸುವ ಲಿಬರ್ಟಿ ಲೋನ್ ಸಾಲಪತ್ರಗಳ ಸಭೆ, ಮೆರವಣಿಗೆಗಳಲ್ಲಿ ಜನ ಭುಜಕ್ಕೆ ಭುಜ ತಾಗಿಸಿ ನಿಂತಿದ್ದರು. ಅಕ್ಟೋಬರ್ ನಡುವಿನ ಹೊತ್ತಿಗೆ ಆಸ್ಪತ್ರೆಗಳು ತುಂಬಿದವು. 18ರಂದು ಶಾಲೆ, ಚಿತ್ರಮಂದಿರ, ನೃತ್ಯಶಾಲೆಗಳಿಗೆ ಬೀಗ ಬಿತ್ತು. ಕ್ಯಾಥೊಲಿಕರ ಪೂಜೆ ಚರ್ಚಿನ ಹೊರಗೆ ಮೆಟ್ಟಿಲ ಬಳಿ ನಡೆಯಿತು, ಪೊಲೀಸ್ ಕೋರ್ಟಿನ ಕಲಾಪ ಬಯಲಿಗೆ ಬಂತು. ತಿಂಗಳು ಮುಗಿಯುವಷ್ಟರಲ್ಲಿ ಸುಮಾರು 5 ಲಕ್ಷ ಜನರಿದ್ದ ಆ ನಗರದಲ್ಲಿ ರೋಗಿಗಳ ಲೆಕ್ಕ ಹತ್ತಿರ ಹತ್ತಿರ 20,000ಕ್ಕೆ ಮುಟ್ಟಿತು. ಸತ್ತವರು ಸಾವಿರ ದಾಟಿದರು.

ಊರಿನ ಆರೋಗ್ಯಾಧಿಕಾರಿ ಡಾ. ವಿಲಿಯಂ ಹಾಸ್ಲರ್. ಮೇಯರ್ ಜೇಮ್ಸ್ ರಾಲ್ಫ್. ಹಡಗು ವ್ಯಾಪಾರದಲ್ಲಿ ದುಡ್ಡು ಮಾಡಿದ ರಾಲ್ಫ್ ಕೋಟಿಗೆ ಹೂ ಸಿಕ್ಕಿಸಿಕೊಂಡು ಕಂಡಕಂಡವರ ಕೈ ಕುಲುಕುವ ಮನುಷ್ಯ. ಜನ ಅವನನ್ನು ಸನ್ನಿ ಜಿಮ್ ಎಂದೇ ಕರೆಯುತ್ತಿದ್ದರು. ಹಾಸ್ಲರ್ ಹಾಗಲ್ಲ. ಕಾಗದ, ಅಂಕಿ, ಆದೇಶ ಇವು ಅವನ ಜಗತ್ತು.

ಸಾಂಕ್ರಾಮಿಕ ರೋಗ ಮತ್ತು ರಾಜಕೀಯ ಎರಡೂ ಒಟ್ಟಿಗೆ ಬಂದಾಗ ಏನಾಗುತ್ತದೆಂಬುದನ್ನು ಆ ಊರು ಮೊದಲೇ ಕಂಡಿತ್ತು. 1900ರಲ್ಲಿ ಅಲ್ಲಿನ ಚೈನಾಟೌನ್‌ಗೆ ಪ್ಲೇಗ್ ಬಂದಾಗ ಅಧಿಕಾರಿಗಳು ಬೀದಿಗಳಿಗೆ ಹಗ್ಗ ಕಟ್ಟಿ ದಿಗ್ಬಂಧನ ಹಾಕಿದ್ದರು. ಹಗ್ಗ ಚೀನೀಯರ ಮನೆಗಳನ್ನು ಸುತ್ತಿ, ನಡುವೆ ಇದ್ದ ಬಿಳಿಯರ ಅಂಗಡಿಗಳನ್ನು ಹೊರಗೆ ಬಿಟ್ಟಿತ್ತು. ಇದು ತಾರತಮ್ಯ ಎಂದು ಫೆಡರಲ್ ನ್ಯಾಯಾಲಯ ಆ ದಿಗ್ಬಂಧನವನ್ನು ರದ್ದು ಮಾಡಿತು. ವ್ಯಾಪಾರ ಕೆಡುತ್ತದೆಂಬ ಭಯಕ್ಕೆ ಕ್ಯಾಲಿಫೋರ್ನಿಯಾದ ಗವರ್ನರ್ ಪ್ಲೇಗೇ ಇಲ್ಲವೆಂದು ವಾದಿಸುತ್ತಾ ಹೋದ. ಆರೋಗ್ಯ ಇಲಾಖೆ ಏನಾದರೂ ಹೇಳಿದರೆ ಅದರ ಹಿಂದೆ ಯಾರ ಲಾಭವಿದೆ ಎಂದು ಕೇಳುವ ಅಭ್ಯಾಸ ಆಗಿನಿಂದಲೇ ಊರಿಗೆ ಅಂಟಿತ್ತು.

ಮಾಸ್ಕ್ ಕೂಡ ಪ್ಲೇಗಿನ ದಾರಿಯಲ್ಲೇ ಬಂದದ್ದು. 1910-11ರ ಚಳಿಗಾಲದಲ್ಲಿ ಮಂಚೂರಿಯಾದಲ್ಲಿ ಶ್ವಾಸಕೋಶದ ಪ್ಲೇಗ್ ಎದ್ದು ಸುಮಾರು 60,000 ಜನರನ್ನು ಕೊಂದಿತು. ಅದನ್ನು ಹತೋಟಿಗೆ ತರಲು ಚೀನಾ ಸರ್ಕಾರ ಕಳಿಸಿದ್ದು ಪೆನಾಂಗ್‌ನಲ್ಲಿ ಹುಟ್ಟಿ ಕೇಂಬ್ರಿಡ್ಜಿನಲ್ಲಿ ಓದಿದ್ದ ವೂ ಲಿಯೆನ್-ತೆ ಎಂಬ ಯುವ ವೈದ್ಯನನ್ನು. ರೋಗ ಇಲಿಯ ಚಿಗಟದಿಂದಷ್ಟೇ ಅಲ್ಲ, ಉಸಿರಿನಿಂದಲೂ ಹರಡುತ್ತಿದೆ ಎಂದು ಆತ ಹೇಳಿದ. ಬಟ್ಟೆಯ ಪದರಗಳ ನಡುವೆ ಹತ್ತಿ ಇಟ್ಟು ಮುಖಕ್ಕೆ ಬಿಗಿಯಾಗಿ ಕಟ್ಟುವ ಮಾಸ್ಕ್ ಹೊಲಿಸಿದ. ಅವನಿಗಿಂತ ಹಿರಿಯನಾದ ಮೆನಿ ಎಂಬ ಫ್ರೆಂಚ್ ವೈದ್ಯ ಈ ಮಾತಿಗೆ ಸಿಟ್ಟಾದ. ಹಾರ್ಬಿನ್ ಆಸ್ಪತ್ರೆಯ ರೋಗಿಗಳನ್ನು ಮಾಸ್ಕ್ ಇಲ್ಲದೆ ನೋಡಿ ಬಂದ, ಕೆಲವೇ ದಿನಗಳಲ್ಲಿ ಅದೇ ಪ್ಲೇಗಿಗೆ ಸತ್ತ. ಅಲ್ಲಿಂದ ಮುಂದೆ ಹಾರ್ಬಿನ್‌ನಲ್ಲಿ ಮಾಸ್ಕ್ ಬಗ್ಗೆ ಯಾರೂ ಹೆಚ್ಚು ವಾದಿಸಲಿಲ್ಲ.

ಅಮೆರಿಕದಲ್ಲಿ ಆಗ ಮಾಸ್ಕ್ ಕಾಣುತ್ತಿದ್ದುದು ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ, ಸೈನ್ಯದ ಆಸ್ಪತ್ರೆಗಳ ವಾರ್ಡಿನಲ್ಲಿ. ಅದನ್ನು ಟ್ರಾಮಿಗೆ, ಸಂತೆಗೆ, ಕ್ಷೌರದಂಗಡಿಗೆ ತರುವ ಯೋಚನೆ ಹಾಸ್ಲರ್‌ನದು. ಮೊದಲು ಕ್ಷೌರಿಕರು, ಹೋಟೆಲ್ ಮತ್ತು ಬ್ಯಾಂಕಿನ ನೌಕರರಂಥವರಿಗೆ, ಅಂದರೆ ದಿನವಿಡೀ ಗಿರಾಕಿಗಳ ಎದುರು ನಿಲ್ಲುವವರಿಗೆ ನಿಯಮ ಮಾಡಿದ. ಆಮೇಲೆ ನಗರಸಭೆ ಅದನ್ನು ಎಲ್ಲರಿಗೂ ಕಾನೂನು ಮಾಡಿತು. ಬೀದಿಯಲ್ಲಿ, ಸಾರ್ವಜನಿಕ ಜಾಗದಲ್ಲಿ, ಇಬ್ಬರು ಅಥವಾ ಅದಕ್ಕಿಂತ ಹೆಚ್ಚು ಜನ ಸೇರಿದ ಕಡೆಯಲ್ಲಿ ಮಾಸ್ಕ್ ಕಡ್ಡಾಯ. ಊಟ ಮಾಡುವಾಗ ತೆಗೆಯಬಹುದು. ಬ್ಯಾಂಡೇಜ್ ಬಟ್ಟೆಯಾದರೆ ನಾಲ್ಕು ಪದರ ಇರಬೇಕು, ಇಲ್ಲವೇ ಅಷ್ಟೇ ಗುಣದ ಬೇರೆ ಬಟ್ಟೆಯಾಗಬೇಕು. ಜಾರಿಯ ದಿನ ಅಕ್ಟೋಬರ್ 25.

ಮೊದಲ ಕೆಲವು ದಿನ ಜನ ಮುಗಿಬಿದ್ದು ಕೊಂಡರು. ಕೊಲ್ಲಿಯ ಆಚೆಯಿಂದ ದೋಣಿಯಲ್ಲಿ ಬಂದಿಳಿಯುವವರಿಗೆ ಫೆರ್ರಿ ಬಿಲ್ಡಿಂಗ್‌ನಲ್ಲೇ ರೆಡ್ ಕ್ರಾಸ್ ಹೆಂಗಸರು 10 ಸೆಂಟಿಗೆ ಒಂದರಂತೆ ಮಾಸ್ಕ್ ಮಾರಿದರು. ಅವರ ಮುಖ್ಯ ಕಚೇರಿಯಲ್ಲಿ 5,000 ಮಾಸ್ಕ್ ಒಂದೇ ಬೆಳಿಗ್ಗೆ ಖಾಲಿಯಾದವು. 26ರ ಹೊತ್ತಿಗೆ ಹಂಚಿದ ಲೆಕ್ಕ 1 ಲಕ್ಷ. ಫ್ಯಾಷನ್ ಮಾಡುವವರಿಗೂ ಇದೊಂದು ಅವಕಾಶವಾಯಿತು. ಮಧ್ಯಯುಗದ ಸೈನಿಕರ ಶಿರಸ್ತ್ರಾಣದಂತೆ ಮೂತಿ ಮುಂದೆ ಚಾಚಿದ ಮಾಸ್ಕ್‌ಗೆ ಅಜಿಂಕೂರ್ ಎಂಬ ಹೆಸರು ಬಂತು. ಕೆಲವು ಹೆಂಗಸರು ತೆಳು ಷಿಫಾನ್ ಪರದೆ ಇಳಿಬಿಟ್ಟು ಅದನ್ನೇ ಮಾಸ್ಕ್ ಎಂದರು. ಸಿಗರೇಟು, ಸಿಗಾರ್ ಬಿಡಲಾರದ ಗಂಡಸರು ಬಟ್ಟೆಗೆ ತೂತು ಮಾಡಿಕೊಂಡರು. ನಾಲ್ಕು ಪದರದ ಕಾನೂನಿಗೆ ಅಲ್ಲೇ ಒಂದು ಕಿಂಡಿ ಬಿತ್ತು.

ದೇಶ ಯುದ್ಧದಲ್ಲಿತ್ತು. ಮಾಸ್ಕ್ ಹಾಕುವುದು ದೇಶಭಕ್ತಿಯ ಕೆಲಸವಾಯಿತು. ಅದು ಪ್ರತಿ ಅಮೆರಿಕನ್ ಪ್ರಜೆಯ ಕರ್ತವ್ಯ ಎಂದು ಗವರ್ನರ್ ವಿಲಿಯಂ ಸ್ಟೀಫನ್ಸ್ ಸಾರಿದ. ಸೈನ್ಯಕ್ಕೆ ಸೇರದೆ ತಪ್ಪಿಸಿಕೊಂಡವರನ್ನು ಬೈಯುವ ಮಾತಿನಲ್ಲೇ ಪತ್ರಿಕೆಗಳು ಮಾಸ್ಕ್ ಹಾಕದವರನ್ನೂ ಬೈದವು. ಪೊಲೀಸರು ಅಕ್ಟೋಬರ್ 27ರಂದು ಒಂದೇ ದಿನ 110 ಜನರನ್ನು ಹಿಡಿದರು. ಮಾಸ್ಕ್ ಇಲ್ಲದವರು ಮಾತ್ರವಲ್ಲ, ಗಲ್ಲದ ಕೆಳಗೆ ಇಳಿಸಿಕೊಂಡವರೂ ಸಿಕ್ಕಿಬಿದ್ದರು. ಶಾಂತಿಭಂಗದ ಆರೋಪ, ಬಹುಮಂದಿಗೆ 5 ಡಾಲರ್ ದಂಡ, ಹಟ ಮಾಡಿದ ಕೆಲವರಿಗೆ ನಾಲ್ಕಾರು ದಿನದ ಜೈಲು. ದಂಡದ ದುಡ್ಡು ರೆಡ್ ಕ್ರಾಸ್‌ಗೆ. ಹೀಗೇ ಹಿಡಿಯುತ್ತಾ ಹೋದರೆ ಸೆರೆಮನೆಯಲ್ಲಿ ಜಾಗ ಸಾಲುವುದಿಲ್ಲವೆಂಬ ಚಿಂತೆ ಪೊಲೀಸರಿಗೆ ಹತ್ತಿತು.

ಮಾರನೆಯ ದಿನವೇ ಗುಂಡು ಹಾರಿತು. ಊರಿನ ನಡುಮಧ್ಯೆ ಪವೆಲ್ ಮತ್ತು ಮಾರ್ಕೆಟ್ ಬೀದಿಗಳು ಕೂಡುವಲ್ಲಿ ಕುದುರೆಗೆ ಲಾಳ ಕಟ್ಟುವವನೊಬ್ಬ ಔಷಧದಂಗಡಿಯ ಮುಂದೆ ನಿಂತು, ಮಾಸ್ಕ್ ಕಿತ್ತೆಸೆಯಿರಿ ಎಂದು ಗುಂಪಿಗೆ ಹೇಳುತ್ತಿದ್ದ. ಆರೋಗ್ಯ ಮಂಡಳಿಯ ಇನ್‌ಸ್ಪೆಕ್ಟರ್ ಒಬ್ಬ ಅವನನ್ನು ಹಿಡಿದು, ಬಾ, ಅಂಗಡಿಯಲ್ಲೇ ಒಂದು ಮಾಸ್ಕ್ ಕೊಂಡುಕೋ ಎಂದು ಎಳೆದ. ಲಾಳದವನ ಕೈಯಲ್ಲಿ ಬೆಳ್ಳಿ ಡಾಲರ್ ತುಂಬಿದ ಚೀಲವಿತ್ತು. ಅದರಿಂದಲೇ ಇನ್‌ಸ್ಪೆಕ್ಟರ್‌ಗೆ ಬಾರಿಸಿ ನೆಲಕ್ಕೆ ಕೆಡವಿದ. ಬಿದ್ದಲ್ಲಿಂದಲೇ ಇನ್‌ಸ್ಪೆಕ್ಟರ್ ಪಿಸ್ತೂಲು ತೆಗೆದ. ಗುಂಡು ಲಾಳದವನಿಗೂ ತಗುಲಿತು, ಸುಮ್ಮನೆ ನಿಂತು ನೋಡುತ್ತಿದ್ದ ಇಬ್ಬರಿಗೂ ತಗುಲಿತು. ಶಾಂತಿಭಂಗ, ಅಧಿಕಾರಿಗೆ ಅಡ್ಡಿ, ಹಲ್ಲೆ ಎಂಬ ಆರೋಪ ಹೊತ್ತು ಲಾಳದವ ಆಸ್ಪತ್ರೆ ಸೇರಿದ.

ಇಷ್ಟೆಲ್ಲ ನಡೆಯುವಾಗ, ತಡೆಯಬೇಕಾದದ್ದು ಯಾವುದನ್ನು ಎಂಬುದೇ ವೈದ್ಯರಿಗೆ ಗೊತ್ತಿರಲಿಲ್ಲ. ಜರ್ಮನ್ ವಿಜ್ಞಾನಿ ರಿಚರ್ಡ್ ಫೈಫರ್ 1892ರಲ್ಲಿ ಗುರುತಿಸಿದ್ದ ಬ್ಯಾಕ್ಟೀರಿಯಾವೇ ಇನ್‌ಫ್ಲುಯೆಂಜಾಕ್ಕೆ ಕಾರಣವೆಂದು ಹೆಚ್ಚಿನವರು ನಂಬಿದ್ದರು. ಅದು ವೈರಸ್ ಎಂದು ಮನುಷ್ಯರಲ್ಲಿ ಖಚಿತವಾದದ್ದು 1933ರಲ್ಲಿ. ಅದೇ ತಪ್ಪು ನಂಬಿಕೆಯ ಮೇಲೆ ತಯಾರಾದ ಲಸಿಕೆಯೂ ಪೂರ್ವ ಕರಾವಳಿಯಿಂದ ಬಂದು ಜನರ ತೋಳು ಸೇರಿತು.

ನವೆಂಬರ್‌ನಲ್ಲಿ ಜ್ವರ ಇಳಿಯತೊಡಗಿತು. ಮಾಸ್ಕ್‌ನಿಂದಲೇ ಇಳಿಯಿತು ಎಂದು ಹಾಸ್ಲರ್ ಎದೆಯುಬ್ಬಿಸಿ ಹೇಳಿದ, ಪತ್ರಿಕೆಗಳೂ ಹೌದೆಂದವು. ಶಾಲೆ, ಚಿತ್ರಮಂದಿರ ಮುಚ್ಚಿದ್ದೂ ಅದೇ ವಾರಗಳಲ್ಲಿ ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. 11ರಂದು ಯುದ್ಧ ನಿಂತ ಸುದ್ದಿ ಬಂದಾಗ ಸಾವಿರಾರು ಜನ ಮಾಸ್ಕ್ ಹಾಕಿಕೊಂಡೇ ಬೀದಿಯಲ್ಲಿ ಕುಣಿದರು, ಒಬ್ಬರನ್ನೊಬ್ಬರು ತಬ್ಬಿಕೊಂಡರು.

ಅದೇ ತಿಂಗಳು ಸಿವಿಕ್ ಆಡಿಟೋರಿಯಂನಲ್ಲಿ ಬಾಕ್ಸಿಂಗ್ ಪಂದ್ಯವಿತ್ತು. ಗಣ್ಯರ ಸಾಲಿನ ಮೇಲೆ ಛಾಯಾಗ್ರಾಹಕನ ಬೆಳಕು ಬಿತ್ತು. ಫೋಟೊ ತೊಳೆದು ನೋಡಿದರೆ ನಗರಸಭೆಯ ಸದಸ್ಯರು, ನ್ಯಾಯಾಧೀಶರು, ನೌಕಾಪಡೆಯ ಅಧಿಕಾರಿ, ಮೇಯರ್ ರಾಲ್ಫ್, ಅವನ ಜೊತೆಗೆ ಆರೋಗ್ಯಾಧಿಕಾರಿ ಹಾಸ್ಲರ್ ಕೂಡ! ಒಬ್ಬರ ಮುಖದ ಮೇಲೂ ಮಾಸ್ಕ್ ನೆಟ್ಟಗಿರಲಿಲ್ಲ. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿರಲಿಲ್ಲ. ಮೇಯರ್ 50 ಡಾಲರ್ ತೆತ್ತ, ಹಾಸ್ಲರ್ 5 ಡಾಲರ್. ಗಲ್ಲಕ್ಕೆ ಮಾಸ್ಕ್ ಇಳಿಸಿದ್ದಕ್ಕೆ ಜೈಲಿನಲ್ಲಿ ರಾತ್ರಿ ಕಳೆದಿದ್ದ ಕೂಲಿಯವರು, ಗುಮಾಸ್ತರು ಈ ಫೋಟೊವನ್ನು ಮರೆಯಲಿಲ್ಲ.

ನವೆಂಬರ್ 21ರ ಮಧ್ಯಾಹ್ನ 12ಕ್ಕೆ ಊರಿನಾದ್ಯಂತ ಸೀಟಿಗಳು ಕೂಗಿದವು. ಕಡ್ಡಾಯ ಮುಗಿಯಿತು. ಜನ ನಿಂತಲ್ಲೇ ಮಾಸ್ಕ್ ಕಿತ್ತರು. ಕಾಲುದಾರಿ, ಚರಂಡಿಗಳ ತುಂಬ ಬಿಳಿ ಬಟ್ಟೆಯ ಚೂರು ಬಿದ್ದವು.

ಎರಡು ವಾರ ಕಳೆಯುವುದರೊಳಗೆ ಜ್ವರ ಮತ್ತೆ ತಲೆಯೆತ್ತಿತು. ಹೊರಗಿನಿಂದ ಬರುವವರು ತರುತ್ತಿದ್ದಾರೆ ಎಂದು ಹಾಸ್ಲರ್ ಮೊದಲು ಸಮಜಾಯಿಷಿ ಕೊಟ್ಟ. ಡಿಸೆಂಬರ್ ಮೊದಲ ವಾರದಲ್ಲಿ, ದಯವಿಟ್ಟು ನೀವಾಗಿಯೇ ಮಾಸ್ಕ್ ಹಾಕಿಕೊಳ್ಳಿ ಎಂದು ಮನವಿ ಮಾಡಿದ. ಯಾರೂ ಕಿವಿಗೊಡಲಿಲ್ಲ. ನಗರಸಭೆಯ ಎದುರು ವಾದ ಶುರುವಾದಾಗ ಅಕ್ಟೋಬರ್‌ನ ಒಗ್ಗಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಕ್ರಿಸ್ಮಸ್ ವ್ಯಾಪಾರ ಕೈತಪ್ಪುತ್ತದೆ, ಮಾಸ್ಕ್ ಎಂದರೆ ಗಿರಾಕಿ ಪೇಟೆಗೇ ಬರುವುದಿಲ್ಲ ಎಂದರು ಅಂಗಡಿಯವರು. ಕಾಯಿಲೆಯನ್ನು ಪ್ರಾರ್ಥನೆಯಿಂದ ಗುಣಪಡಿಸಬೇಕೆಂದು ನಂಬುವ ಕ್ರಿಶ್ಚಿಯನ್ ಸೈನ್ಸ್ ಪಂಥದವರು ಇದು ಸಂವಿಧಾನ ಕೊಟ್ಟ ಸ್ವಾತಂತ್ರ್ಯಕ್ಕೆ ವಿರುದ್ಧ ಎಂದರು. ಕೆಲವು ವೈದ್ಯರು, ಬಟ್ಟೆಯ ತೂತಿಗಿಂತ ರೋಗಾಣು ಎಷ್ಟೋ ಪಟ್ಟು ಸಣ್ಣದು, ಇದರಿಂದ ಏನೂ ಆಗದು ಎಂದರು. ಡಿಸೆಂಬರ್ ನಡುವೆ ಹಾಸ್ಲರ್‌ನ ಹೆಸರಿಗೆ ಒಂದು ಪೊಟ್ಟಣ ಬಂತು. ಬಿಚ್ಚಿದರೆ ಒಳಗೆ ಮದ್ದಿನ ಪುಡಿ, ಗಾಜಿನ ಚೂರು. ಸದ್ಯ ಅದು ಸಿಡಿಯಲಿಲ್ಲ. 19ರಂದು ಮತ ಹಾಕಿದಾಗ ಕಡ್ಡಾಯ ಬೇಡವೆಂದವರು 9, ಬೇಕೆಂದವರು 7.

ಕ್ರಿಸ್ಮಸ್ ಮುಗಿಯಿತು. ಜನವರಿ 10ರಂದು ಒಂದೇ ದಿನ 600 ಹೊಸ ಪ್ರಕರಣಗಳು ವರದಿಯಾದವು. ಅದೇ ನಗರಸಭೆ ಈ ಬಾರಿ 15-1ರಲ್ಲಿ ಕಡ್ಡಾಯಕ್ಕೆ ಒಪ್ಪಿತು. 17ರಿಂದ ಮತ್ತೆ ಮಾಸ್ಕ್.

ಆ್ಯಂಟಿ-ಮಾಸ್ಕ್ ಲೀಗ್ ಹುಟ್ಟಿದ್ದು ಈಗ. ಅದರ ಅಧ್ಯಕ್ಷೆ ಇ.ಸಿ. ಹ್ಯಾರಿಂಗ್‌ಟನ್ ಎಂಬ ವಕೀಲೆ. ಕ್ಯಾಲಿಫೋರ್ನಿಯಾದಲ್ಲಿ ಹೆಂಗಸರಿಗೆ 1911ರಲ್ಲಿ ಮತದಾನದ ಹಕ್ಕು ಬರುವ ಮೊದಲು ಅದಕ್ಕಾಗಿ ದುಡಿದಾಕೆ, ಕಾರ್ಮಿಕರ ಪರ ನಿಂತಾಕೆ, ಮೇಯರ್ ರಾಲ್ಫ್‌ಗೆ ಹಳೆಯ ರಾಜಕೀಯ ಎದುರಾಳಿ. ಜನವರಿ 25ರ ಶನಿವಾರ ಸಂಜೆ ಡ್ರೀಮ್‌ಲ್ಯಾಂಡ್ ರಿಂಕ್ ಎಂಬ ಸ್ಕೇಟಿಂಗ್ ಅಂಗಳದಲ್ಲಿ ಸೇರಿದವರು 2,000ಕ್ಕೆ ಕಡಿಮೆಯಿರಲಿಲ್ಲ. ಅವರಲ್ಲಿ ವೈದ್ಯರಿದ್ದರು, ವ್ಯಾಪಾರಿಗಳಿದ್ದರು, ನಗರಸಭೆಯ ಒಬ್ಬ ಸದಸ್ಯನೂ ಇದ್ದ. ಒಂದು ಕಡೆಯವರಿಗೆ ಮಾಸ್ಕ್ ತೆಗೆಸಿದರೆ ಸಾಕಿತ್ತು, ಇನ್ನೊಂದು ಕಡೆಯವರಿಗೆ ಹಾಸ್ಲರ್‌ನನ್ನೇ ತೆಗೆಸಬೇಕಿತ್ತು. 27ರಂದು ಅವರ ಅರ್ಜಿ ನಗರಸಭೆಗೆ ಬಂತು.

ಈ ಗುಂಪನ್ನು ಹುಚ್ಚರ ಸಂತೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಅಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಒಂದೇ ಬಾಯಿಯಿಂದ ಬರುತ್ತಿದ್ದವು. ಈ ಬಟ್ಟೆ ರೋಗವನ್ನು ತಡೆಯುತ್ತದೆಯೇ ಎಂಬುದು ಒಂದು. ತಡೆಯುವುದೇ ಆದರೂ ಅದನ್ನು ಪೊಲೀಸರ ಕೈಯಲ್ಲಿ ಹಾಕಿಸುವ ಹಕ್ಕು ಯಾರಿಗಿದೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಹಾಸ್ಲರ್‌ನ ಬಳಿ ಇದ್ದ ಉತ್ತರ ಶೇಕಡ 99. ನವೆಂಬರ್‌ನಲ್ಲಿ ಅದು ಗೆದ್ದಂತೆ ಕಂಡಿತು, ಜನವರಿಯಲ್ಲಿ ಬಿದ್ದಂತೆ ಕಂಡಿತು. ಎರಡನೆಯದಕ್ಕೆ ಉತ್ತರ ಕೊಡಬೇಕಾದವರ ಮಾನ ಬಾಕ್ಸಿಂಗ್ ಪಂದ್ಯದಲ್ಲೇ ಹೋಗಿತ್ತು.

ಕೊಲ್ಲಿಯ ಆಚೆ ದಡದ ಓಕ್ಲೆಂಡಿನಲ್ಲಿ ಮಾತು ಇನ್ನೂ ಬೇರೆ ದಾರಿ ಹಿಡಿಯಿತು. ಅಲ್ಲಿನ ಮೇಯರ್ ಜಾನ್ ಡೇವಿ ಅದೇ ಜನವರಿಯಲ್ಲಿ ಸ್ಯಾಕ್ರಮೆಂಟೊಗೆ ಹೋದಾಗ ಮಾಸ್ಕ್ ಹಾಕಿಲ್ಲವೆಂದು ಪೊಲೀಸರು ಹಿಡಿದರು, ಹಣ ಕಟ್ಟಿದ ಮೇಲೆ ಬಿಟ್ಟರು. ಅವಮಾನ ನುಂಗಿಕೊಂಡು ಊರಿಗೆ ಮರಳಿದ ಮೇಯರ್ ಇದ್ದ ಸಭೆಯಲ್ಲಿ ಮಾಸ್ಕ್ ಕಾನೂನು ಮಂಡನೆಯಾದಾಗ ಅದು ಬಿದ್ದುಹೋದದ್ದರಲ್ಲಿ ಅಚ್ಚರಿಯಿಲ್ಲ.

ಪ್ರಕರಣಗಳು ಇಳಿದ ಮೇಲೆ ಹಾಸ್ಲರ್‌ನ ಸಲಹೆಯಂತೆಯೇ ಫೆಬ್ರುವರಿ 1ರಂದು ಸ್ಯಾನ್ ಫ್ರಾನ್ಸಿಸ್ಕೊ ಮಾಸ್ಕ್ ಕಳಚಿತು. ಗೆದ್ದವರು ತಾವೆಂದು ಲೀಗ್‌ನವರೂ ಹೇಳಬಹುದಿತ್ತು, ಹಾಸ್ಲರ್ ಕೂಡ ಹೇಳಬಹುದಿತ್ತು. ಆ ಚಳಿಗಾಲ ಊರಿನಲ್ಲಿ 45,000ದಷ್ಟು ಜನ ಹಾಸಿಗೆ ಹಿಡಿದರು, 3,000ಕ್ಕೂ ಹೆಚ್ಚು ಜನ ಸತ್ತರು. ಪಶ್ಚಿಮದ ದೊಡ್ಡ ಊರುಗಳಲ್ಲಿ ಇಷ್ಟು ಪೆಟ್ಟು ತಿಂದದ್ದು ಕಡಿಮೆ. ರಾಲ್ಫ್‌ಗೆ ಇದರಿಂದ ಏನೂ ಆಗಲಿಲ್ಲ. 1919ರ ಚುನಾವಣೆಯಲ್ಲಿ ಗೆದ್ದ, 1931ರವರೆಗೆ ಮೇಯರ್ ಆಗಿಯೇ ಉಳಿದ, ಅಲ್ಲಿಂದ ನೇರ ಗವರ್ನರ್ ಕುರ್ಚಿಗೆ ಹೋದ.

ಮಾಸ್ಕನ್ನು ಕೂತು ಪರೀಕ್ಷಿಸಿದ್ದು ಗಲಾಟೆ ತಣ್ಣಗಾದ ಮೇಲೆ. ಕ್ಯಾಲಿಫೋರ್ನಿಯಾ ರಾಜ್ಯ ಆರೋಗ್ಯ ಮಂಡಳಿಯ ಡಾ. ಡಬ್ಲ್ಯು.ಎಚ್. ಕೆಲಾಗ್ ಮತ್ತು ಗ್ರೇಸ್ ಮ್ಯಾಕ್‌ಮಿಲನ್ ಬಟ್ಟೆಯ ಪದರಗಳ ಮೂಲಕ ಎಷ್ಟು ರೋಗಾಣು ದಾಟುತ್ತದೆಂದು ಎಣಿಸಿ 1920ರಲ್ಲಿ ವರದಿ ಪ್ರಕಟಿಸಿದರು. ಪದರ ಹೆಚ್ಚಿಸಿದರೆ ತಡೆ ಹೆಚ್ಚುತ್ತದೆ, ನಿಜ. ಆದರೆ ಕೆಲಸಕ್ಕೆ ಬರುವಷ್ಟು ಪದರ ಸೇರಿಸಿದರೆ ಉಸಿರಾಡುವುದು ಕಷ್ಟ, ಆಗ ಗಾಳಿ ಬಟ್ಟೆಯ ಮೂಲಕ ಹೋಗದೆ ಅಂಚುಗಳಿಂದ ನುಗ್ಗುತ್ತದೆ. ಮಾಸ್ಕ್ ಕಡ್ಡಾಯ ಮಾಡಿದ ಊರುಗಳ ಮತ್ತು ಮಾಡದ ಊರುಗಳ ಸಾವಿನ ಲೆಕ್ಕವನ್ನೂ ಕೆಲಾಗ್ ಪಕ್ಕಪಕ್ಕ ಇಟ್ಟು ನೋಡಿದ. ಎದ್ದು ಕಾಣುವ ವ್ಯತ್ಯಾಸ ಸಿಗಲಿಲ್ಲ. ಅಂದರೆ ಡಿಸೆಂಬರ್‌ನಲ್ಲಿ ನಗರಸಭೆಯ ಎದುರು ವಾದಿಸಿದ ವೈದ್ಯರ ಮಾತು ಅರ್ಧ ಸರಿಯಾಗಿತ್ತು, ಅವರು ಕೊಟ್ಟ ಕಾರಣ ಮಾತ್ರ ಬೇರೆ. ಸೋತದ್ದು ಮಾಸ್ಕ್ ಎಂಬ ಯೋಚನೆಗಿಂತ ಹೆಚ್ಚಾಗಿ ಆ ಬಟ್ಟೆ, ಅದನ್ನು ಜನ ಹಾಕಿಕೊಂಡ ರೀತಿ.

ಇತಿಹಾಸಕಾರ ಆಲ್ಫ್ರೆಡ್ ಕ್ರಾಸ್ಬಿ 1976ರಲ್ಲಿ ಈ ಸಾಂಕ್ರಾಮಿಕದ ಕಥೆ ಬರೆಯುವ ಹೊತ್ತಿಗೆ ಜನ ಅದನ್ನೆಲ್ಲ ಮರೆತೇಬಿಟ್ಟಿದ್ದರು. 2020ರಲ್ಲಿ ಕೋವಿಡ್ ಬಂದಾಗ ಹಳೆಯ ಫೋಟೊಗಳು ಮತ್ತೆ ಹೊರಬಂದವು. ಅಷ್ಟರಲ್ಲಿ ಅಧಿಕಾರಸ್ಥರು ಮಾತಿನ ವಿಷಯದಲ್ಲಿ ಈ ಬಾರಿ ಉಲ್ಟಾ ದಿಕ್ಕಿನಿಂದ ಎಡವಿದ್ದರು. ಮಾಸ್ಕ್ ಕೊಳ್ಳಬೇಡಿ, ಸಾಮಾನ್ಯ ಜನರಿಗೆ ಅದರಿಂದ ಪ್ರಯೋಜನವಿಲ್ಲ ಎಂದು ಅಮೆರಿಕದ ಸರ್ಜನ್ ಜನರಲ್ ಫೆಬ್ರುವರಿ ಕೊನೆಯಲ್ಲಿ ಹೇಳಿದರು. ಏಪ್ರಿಲ್ 3ರಂದು ಅದೇ ಸರ್ಕಾರ ಬಟ್ಟೆಯ ಮಾಸ್ಕ್ ಹಾಕಿಕೊಳ್ಳಿ ಎಂದಿತು.

ದಂಡದ ಜಗಳ ಬೆಂಗಳೂರಿಗೂ ಬಂತು. 2020ರ ಅಕ್ಟೋಬರ್ ಆರಂಭದಲ್ಲಿ ಕರ್ನಾಟಕ ಸರ್ಕಾರ ಮಾಸ್ಕ್ ಇಲ್ಲದವರ ದಂಡವನ್ನು ನಗರಗಳಲ್ಲಿ 1,000 ರೂಪಾಯಿಗೆ, ಹಳ್ಳಿಗಳಲ್ಲಿ 500ಕ್ಕೆ ಏರಿಸಿತು. ಲಾಕ್‌ಡೌನ್‌ನಲ್ಲಿ ದುಡಿಮೆ ಕಳೆದುಕೊಂಡವರಿಗೆ ಸಾವಿರ ರೂಪಾಯಿ ಸಣ್ಣ ಮೊತ್ತವಲ್ಲ. ಬೀದಿಯಲ್ಲಿ ದಂಡ ಹಾಕುವ ಮಾರ್ಷಲ್‌ಗಳ ಜೊತೆ ವಾಗ್ವಾದಗಳು ಎದ್ದವು, ಎಲ್ಲ ಕಡೆಯಿಂದ ವಿರೋಧ ಬಂತು. ವಾರದೊಳಗೆ ಸರ್ಕಾರ ಅದನ್ನು 250ಕ್ಕೂ 100ಕ್ಕೂ ಇಳಿಸಿತು.

ದಂಡವಿಲ್ಲದೆ ಮಾಸ್ಕ್ ಹಾಕಿಸಲು ಸಾಧ್ಯವೇ ಎಂಬುದಕ್ಕೆ ದೊಡ್ಡ ಪ್ರಯೋಗ ನಡೆದದ್ದು ಬಾಂಗ್ಲಾದೇಶದಲ್ಲಿ. 2020ರ ನವೆಂಬರ್‌ನಿಂದ ಮುಂದಿನ ವರ್ಷದ ವಸಂತದವರೆಗೆ 600 ಹಳ್ಳಿಗಳ 3.4 ಲಕ್ಷ ವಯಸ್ಕರು ಅದರ ವ್ಯಾಪ್ತಿಗೆ ಬಂದರು. ಅರ್ಧ ಹಳ್ಳಿಗಳಲ್ಲಿ ಮನೆಮನೆಗೆ ಪುಕ್ಕಟೆ ಮಾಸ್ಕ್ ಹಂಚಿದರು. ಇಮಾಮರು, ಊರಿನ ಮುಖಂಡರು ಹಾಕಿಕೊಂಡು ತೋರಿಸಿದರು. ಸಂತೆಯಲ್ಲಿ, ಮಸೀದಿಯ ಬಳಿ ಯಾರಾದರೂ ನಿಂತು ನೆನಪಿಸಿದರು. ಮಾಸ್ಕ್ ಸರಿಯಾಗಿ ಹಾಕುವವರ ಪ್ರಮಾಣ ಶೇ 13ರಿಂದ 42ಕ್ಕೆ ಏರಿತು. ಲಕ್ಷಣವಿದ್ದು ರಕ್ತಪರೀಕ್ಷೆಯಲ್ಲೂ ದೃಢಪಟ್ಟ ಕೋವಿಡ್ ಆ ಹಳ್ಳಿಗಳಲ್ಲಿ ಶೇ 9ರಷ್ಟು ಕಡಿಮೆಯಿತ್ತು. ಸರ್ಜಿಕಲ್ ಮಾಸ್ಕ್ ಹಂಚಿದಲ್ಲಿ 60 ದಾಟಿದವರಲ್ಲಿ ಶೇ 35ರಷ್ಟು ಕಡಿಮೆ. ಬಟ್ಟೆಯ ಮಾಸ್ಕ್ ಹಂಚಿದ ಹಳ್ಳಿಗಳಲ್ಲಿ ಮಾತ್ರ ಪರಿಣಾಮ ಸ್ಪಷ್ಟವಾಗಿ ಕಾಣಲಿಲ್ಲ.

ಅದಕ್ಕೂ ತಕರಾರು ಎದ್ದವು. ಲೆಕ್ಕ ಹಾಕಿದ ರೀತಿಯನ್ನು ಸಂಖ್ಯಾಶಾಸ್ತ್ರಜ್ಞರು ಪ್ರಶ್ನಿಸಿದರು. 2023ರ ಜನವರಿಯಲ್ಲಿ, ವೈದ್ಯಕೀಯ ಪುರಾವೆಗಳನ್ನು ಅವಲೋಕಿಸುವ ಕಾಕ್ರೇನ್ ಸಂಸ್ಥೆ 78 ಪ್ರಯೋಗಗಳನ್ನು ಒಟ್ಟುಗೂಡಿಸಿ ಪ್ರಕಟಿಸಿದ ಅವಲೋಕನ ಬಂದಾಗ, ಮಾಸ್ಕ್‌ನಿಂದ ಪ್ರಯೋಜನವೇ ಇಲ್ಲವೆಂದು ಸಾಬೀತಾಯಿತು ಎಂಬ ತಲೆಬರಹಗಳು ಹರಿದಾಡಿದವು. ಮಾರ್ಚ್‌ನಲ್ಲಿ ಕಾಕ್ರೇನ್‌ನ ಪ್ರಧಾನ ಸಂಪಾದಕಿ ಕಾರ್ಲಾ ಸೋರೆಸ್-ವೈಸರ್ ಹೇಳಿಕೆ ಕೊಡಬೇಕಾಯಿತು. ಆ ಅವಲೋಕನ ಕೇಳಿದ್ದು ಮಾಸ್ಕ್ ಹಾಕಿಕೊಳ್ಳಿ ಎಂದು ಜನರಿಗೆ ಹೇಳುವ ಕ್ರಮಗಳಿಂದ ಸೋಂಕು ಇಳಿಯುತ್ತದೆಯೇ ಎಂಬ ಪ್ರಶ್ನೆಯನ್ನು, ಮಾಸ್ಕ್ ಕೆಲಸ ಮಾಡುತ್ತದೆಯೇ ಎಂಬುದನ್ನಲ್ಲ. ಮೊದಲ ಪ್ರಶ್ನೆಗೂ ಸಿಕ್ಕ ಪುರಾವೆ ಖಚಿತವಾಗಿ ಏನನ್ನೂ ಹೇಳುವಷ್ಟಿಲ್ಲ ಎಂದು ಅವರು ವಿವರಿಸಿದರು.